ವೆಲ್ಡಿಂಗ್ ಇಲ್ಲದೆ ಚರಂಡಿಗೆ ಕಬ್ಬಿಣದ ಜಾಲಿ

ಮನೆಗೆ ಕಾರು ಬರುವ ದಾರಿಗೆ ಅಡ್ಡವಾಗಿರುವ ಚರಂಡಿಯ ಜಾಲಿಯನ್ನು ವೆಲ್ಡಿಂಗ್ ಮಾಡಿಸಲೇಬೇಕು ಅಂತಿಲ್ಲ. 50 ಎಂಎಂ ಅಗಲ, 6 ಎಂಎಂ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಗಳ ಎರಡೂ ತುದಿಯ ಹತ್ತಿರ, ಅಗಲದ ನಟ್ಟನಡುವೆ 11 ಎಂಎಂ ತೂತು ಕೊರೆಯಿರಿ. ಪಟ್ಟಿಗಳನ್ನು ಅಗಲದ ಬದಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ, 10 ಎಂಎಂ ಥ್ರೆಡ್ ರಾಡಿಗೆ (ಉದ್ದಕ್ಕೂ ಮರೆ ಇರುವ ಸರಳು) ಮಾಲೆಯ ಹಾಗೆ ಪೋಣಿಸಿ. ನಡುವೆ 20 ಎಂಎಂ ಉದ್ದದ ಅರ್ಧ ಇಂಚು ಪೈಪಿನ ತುಂಡು ಹಾಕಿ. ರಾಡಿನ ಎರಡೂ ತುದಿಗೆ ಎರಡೆರಡು ನಟ್ಟು ಬಿಗಿಯಿರಿ, ಒಂದು ಇನ್ನೊಂದನ್ನು ಸಡಿಲವಾಗದಂತೆ ಹಿಡಿಯುತ್ತದೆ. ಪಟ್ಟಿಯ ತುದಿಗಳು ಚರಂಡಿಯ ಎರಡೂ ದಂಡೆಯ ಮೇಲೆ ಕೂತಿರುವುದರಿಂದ ಕಾರಿನ ಭಾರ ನೇರ ಕಾಂಕ್ರೀಟಿಗೆ ಹೋಗುತ್ತದೆ. ರಾಡಿಗೆ ಪಟ್ಟಿಗಳನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಮಾತ್ರ. ವೆಲ್ಡಿಂಗಿನ ಶಾಖಕ್ಕೆ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿ. ಕುಂಬಳೆ, ಮಂಜೇಶ್ವರದ ಕಡಲಗಾಳಿಯಲ್ಲಂತೂ ಇದು ದೊಡ್ಡ ವಿಷಯ ಅಲ್ವಾ? ತೂತು, ಕೊಯ್ದ ತುದಿಗಳಿಗೆ ಮಾತ್ರ ಜಿಂಕ್ ಪೇಂಟ್ ಮರೆಯಬೇಡಿ. ಜೂನಿನಲ್ಲಿ ಕೆಂಪುಕಲ್ಲಿನ ಮಣ್ಣು, ಅಡಿಕೆ ಸೋಗೆ ಬಂದು ಕಟ್ಟಿಕೊಂಡರೆ ಜಾಲಿ ಎತ್ತಿ ಬಾಚಿ ತೆಗೆದರಾಯಿತು. ಅದಕ್ಕೇ ಎರಡೆರಡು ಅಡಿಯ ತುಂಡುಗಳಾಗಿ ಮಾಡಿ, ಒಂದೇ ಉದ್ದ ಮಾಡಿದರೆ ಎತ್ತಲಾಗುವುದಿಲ್ಲ. ಪಟ್ಟಿಗಳನ್ನು ಚರಂಡಿಯ ಉದ್ದಕ್ಕೆ ಹಾಕಿದರೆ ಇದು ಕೆಲಸಕ್ಕೆ ಬರುವುದಿಲ್ಲ, ಆಗ ಇಡೀ ಭಾರ ರಾಡಿಗೇ ಬಿದ್ದು ಬಾಗುತ್ತದೆ. ಚರಂಡಿ ಒಂದಡಿಗಿಂತ ಅಗಲ ಇದ್ದರೆ, ಅಥವಾ ಕಲ್ಲು ತುಂಬಿದ ಲಾರಿ ಬರುವ ದಾರಿಯಾದರೆ, ಈ ಪಟ್ಟಿಯನ್ನು ನಂಬಬೇಡಿ.