ಮೈಸೂರಿನ ಮಿಕ್ಸಿ ವಿದೇಶದಲ್ಲಿ ಓಡಬೇಕಾದರೆ

ಆಗಸ್ಟ್ ಹತ್ತಿರ ಬಂತೆಂದರೆ ಕುವೆಂಪುನಗರ, ವಿಜಯನಗರ, ಆ ಕಡೆ ಮಂಡ್ಯದ ವಿದ್ಯಾನಗರದ ಮನೆಗಳಲ್ಲೂ ಸೂಟ್‌ಕೇಸ್ ತುಂಬುವ ಗಡಿಬಿಡಿ. ಮಗ ಎಂ.ಎಸ್. ಓದಲು ಹೊರಟಿರುತ್ತಾನೆ, ಇಲ್ಲವೇ ಮಗಳಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿರುತ್ತದೆ. ಹುಳಿಪುಡಿ, ರಾಗಿಹಿಟ್ಟು, ಕುಕ್ಕರ್ ಎಲ್ಲ ಒಳಗೆ ಹೋದಮೇಲೆ ಮಿಕ್ಸಿ ಬರುತ್ತದೆ. ಜೊತೆಗೆ ಒಂದು ಯೂನಿವರ್ಸಲ್ ಅಡಾಪ್ಟರ್. ಪಿನ್ ಬದಲಾದರೆ ಸಾಕು, ಮಿಕ್ಸಿ ಓಡುತ್ತದೆ ಅಂತ ಎಲ್ಲರ ನಂಬಿಕೆ. ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಾಯಿಸುತ್ತದೆ, ಒಳಗೆ ಹರಿಯುವ ಕರೆಂಟನ್ನು ಮುಟ್ಟುವುದೇ ಇಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಮಿಕ್ಸಿಗಳು ಮೊದಲ ವಾರದಲ್ಲೇ ಸುಟ್ಟುಹೋಗುತ್ತವೆ. ಹಾಗಾಗಿ ಪ್ಯಾಕ್ ಮಾಡುವ ಮೊದಲೇ ಇದನ್ನು ಓದಿ.

1. ಹೋಗುವ ದೇಶದ ವೋಲ್ಟೇಜ್ ತಿಳಿದುಕೊಳ್ಳಿ

ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್ (ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ). ಬ್ರಿಟನ್, ಯುರೋಪ್, ಆಸ್ಟ್ರೇಲಿಯಾ, ಸಿಂಗಪುರ, ದುಬೈ ಎಲ್ಲ ಕಡೆ ಹೆಚ್ಚುಕಡಿಮೆ ಇದೇ. ಸೌದಿಯಲ್ಲಿ ವೋಲ್ಟೇಜ್ ನಮ್ಮಷ್ಟೇ, ಆದರೆ 60 ಹರ್ಟ್ಜ್. ಅಮೆರಿಕ ಮತ್ತು ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ ಇನ್ನೂ ಕಡಿಮೆ, 100 ವೋಲ್ಟ್. ತಲೆನೋವೆಲ್ಲ ಈ ಕೊನೆಯ ಮೂರು ದೇಶಗಳದ್ದು.

2. ಸಾಮಾನನ್ನು ಬೋರಲು ಹಾಕಿ ತಳದ ಲೇಬಲ್ ಓದಿ

ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್ ಅಂತ ಬರೆದಿದ್ದರೆ ಯಾವ ದೇಶದಲ್ಲಾದರೂ ಓಡುತ್ತದೆ, ಪಿನ್ ಬದಲಾಯಿಸಿದರೆ ಆಯಿತು. ಲ್ಯಾಪ್‌ಟಾಪ್ ಚಾರ್ಜರ್, ಫೋನ್ ಚಾರ್ಜರ್, ಕ್ಯಾಮೆರಾ, ಈಚಿನ ಟ್ರಿಮ್ಮರ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ಬರೀ 230 ವೋಲ್ಟ್ ಅಥವಾ 220-240 ಅಂತ ಇದ್ದರೆ ಅದು ನಮ್ಮಂಥ ದೇಶಗಳಿಗೆ ಮಾತ್ರ. ಲೇಬಲ್ ಅಳಿಸಿಹೋಗಿದ್ದರೆ ಅದನ್ನು ಮನೆಯಲ್ಲೇ ಬಿಡಿ. ಊಹೆ ಮಾಡಬೇಡಿ.

3. 230 ವೋಲ್ಟ್ ದೇಶವಾದರೆ ಪ್ಲಗ್ ನೋಡಿಕೊಳ್ಳಿ

ಬ್ರಿಟನ್, ಸಿಂಗಪುರ, ದುಬೈಗಳಲ್ಲಿ ಮೂರು ಚಪ್ಪಟೆ ಪಿನ್ನಿನ ದಪ್ಪ ಪ್ಲಗ್. ಆಸ್ಟ್ರೇಲಿಯಾದಲ್ಲಿ ಓರೆ ಪಿನ್. ಜರ್ಮನಿಯಲ್ಲಿ ದುಂಡು ಪಿನ್ ಇದ್ದರೂ ನಮ್ಮ ಮೂರು ಪಿನ್ನಿನದು ಅಲ್ಲಿ ಕೂರುವುದಿಲ್ಲ, ಫೋನಿನ ಸಣ್ಣ ಎರಡು ಪಿನ್ ಚಾರ್ಜರ್ ಮಾತ್ರ ಸಾಮಾನ್ಯವಾಗಿ ಕೂರುತ್ತದೆ.

ದಿನಾ ಬಳಸುವ ಮಿಕ್ಸಿಗೆ ಅಡಾಪ್ಟರ್ ಸಿಕ್ಕಿಸಿಕೊಂಡು ಇರುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಸಡಿಲವಾಗುತ್ತದೆ, ಕಿಡಿ ಹಾರುತ್ತದೆ, ಬಿಸಿಯಾಗುತ್ತದೆ. ಅಲ್ಲಿಯದೇ ಪ್ಲಗ್ ತಂದು, ಗೊತ್ತಿರುವವರ ಕೈಯಲ್ಲಿ ವೈರಿಗೆ ಹಾಕಿಸಿ. ಕಂದು ವೈರು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಬ್ರಿಟನ್ ಪ್ಲಗ್ಗಿನೊಳಗೆ ಒಂದು ಫ್ಯೂಸ್ ಇರುತ್ತದೆ. ಅಂಗಡಿಯಿಂದ ಬರುವಾಗ ಅದು ಹೆಚ್ಚಾಗಿ 13 ಆಂಪಿನದು. 500-750 ವಾಟ್‌ನ ಮಿಕ್ಸಿಯ ತೆಳು ವೈರಿಗೆ ಅಷ್ಟು ಬೇಡ, 5 ಆಂಪಿನದು ಹಾಕಿ.

ಇನ್ನು ಆ ಎಲ್ಲ ದೇಶಕ್ಕೂ ಒಂದೇ ಅನ್ನುವ ಚೌಕದ ಅಡಾಪ್ಟರ್‌ಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಬಹಳಷ್ಟಕ್ಕೆ ಅರ್ತ್ ಸಂಪರ್ಕವೇ ಇರುವುದಿಲ್ಲ. ಮೂರನೇ ತೂತು ಇರುತ್ತದೆ, ಒಳಗೆ ಅದು ಎಲ್ಲಿಗೂ ಸೇರಿರುವುದಿಲ್ಲ. ಫೋನ್ ಚಾರ್ಜರ್‌ಗೆ ಪರವಾಗಿಲ್ಲ. ಸ್ಟೀಲ್ ಮೈಯ ಗ್ರೈಂಡರ್‌ಗೆ, ಇಸ್ತ್ರಿ ಪೆಟ್ಟಿಗೆಗೆ, ಅದರಲ್ಲೂ ಒದ್ದೆ ಕೈಯಲ್ಲಿ ಮುಟ್ಟುವ ಯಾವುದಕ್ಕೂ ಅದನ್ನು ಬಳಸಲೇಬೇಡಿ. ಜೀವದ ವಿಷಯ ಇದು.

4. ಅಮೆರಿಕ, ಕೆನಡಾಗೆ ಮಿಕ್ಸಿ: ಎಡವಟ್ಟಾಗುವುದೇ ಇಲ್ಲಿ

ನಮ್ಮ 230 ವೋಲ್ಟ್ ಮಿಕ್ಸಿಯನ್ನು ಅಡಾಪ್ಟರ್ ಹಾಕಿ ಅಲ್ಲಿ ನೇರವಾಗಿ ಸಿಕ್ಕಿಸಿದರೆ ಏನಾಗುತ್ತದೆ? ತಿರುಗುತ್ತದೆ. ಜನ ಮೋಸಹೋಗುವುದೂ ಇದಕ್ಕೇ. ಖಾಲಿ ಜಾರಿನಲ್ಲಿ ನಿಧಾನವಾಗಿ ತಿರುಗಿದ್ದನ್ನು ನೋಡಿ, ಸರಿ, ಕೆಲಸ ಮಾಡುತ್ತೆ ಅಂತ ಬಸ್ಸಾರಿನ ಖಾರಕ್ಕೋ ಇಡ್ಲಿ ಉದ್ದಿಗೋ ಹಾಕುತ್ತಾರೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿ ಲೋ ವೋಲ್ಟೇಜ್ ಆದಾಗ ಮಿಕ್ಸಿ ಹೇಗೆ ಗೊರಗುಟ್ಟುತ್ತದೋ ಹಾಗೇ ಗೊರಗುಟ್ಟಿ ನಿಲ್ಲುತ್ತದೆ. ಬ್ಲೇಡು ತಿರುಗದಿದ್ದರೂ ಮೋಟಾರಿನೊಳಗೆ ವೈರು ಸುತ್ತಿದ ಕಾಯಿಲಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಮೋಟಾರು ಬಿಸಿಯಾಗುತ್ತದೆ. ಪುಣ್ಯವಿದ್ದರೆ ತಳದ ಕೆಂಪು ಬಟನ್ ಹೊರಗೆ ಬಂದು ಉಳಿಸುತ್ತದೆ. ಅದನ್ನು ಒತ್ತಿ ಒತ್ತಿ ಮತ್ತೆ ಓಡಿಸಿದರೆ ಕಾಯಿಲು ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಕಾಯಿಲು ಕಟ್ಟುವ ಅಂಗಡಿ ಬೀದಿಗೊಂದು ಸಿಗುವುದಿಲ್ಲ.

ನನ್ನ ಸಲಹೆ ಒಂದೇ. ಅಮೆರಿಕಕ್ಕೆ ಹೋಗುವವರು 110 ವೋಲ್ಟ್‌ಗೆಂದೇ (ಅಲ್ಲಿನ 120 ವೋಲ್ಟ್‌ಗೆ ಹೊಂದುವುದನ್ನೇ ಹೀಗೆ ಕರೆಯುತ್ತಾರೆ) ಮಾಡಿದ ಇಂಡಿಯನ್ ಮಿಕ್ಸಿ ತಗೊಳ್ಳಿ. ಅದೇ ಜಾರು, ಅದೇ ಬ್ಲೇಡು, ಕಾಯಿಲು ಮಾತ್ರ ಬೇರೆ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಇಲ್ಲೂ ಹೇಳಿ ತರಿಸಿಕೊಳ್ಳಬಹುದು. ಅಲ್ಲೇ ಕೊಂಡರೆ ಇನ್ನೂ ಒಳ್ಳೆಯದು, ಕೆಟ್ಟರೆ ವಾಪಸ್ ಕೊಡಬಹುದು, ಸೂಟ್‌ಕೇಸಿನಲ್ಲಿ ಜಾಗವೂ ಉಳಿಯುತ್ತದೆ.

ಇಲ್ಲಿ ಕೊಂಡರೆ ಒಂದು ಎಚ್ಚರ ಬೇಕೇ ಬೇಕು. ಮನೆಗೆ ತಂದ ಕೂಡಲೇ, ಒಂದು ಸಲ ಆನ್ ಮಾಡಿ ನೋಡೋಣ ಅಂತ ಅಡುಗೆಮನೆಯ ಪ್ಲಗ್ಗಿಗೆ ಹಾಕಬೇಡಿ. 110 ವೋಲ್ಟ್ ಮೋಟಾರಿಗೆ 230 ಕೊಟ್ಟರೆ ನೋಡನೋಡುತ್ತಿದ್ದಂತೆ ಸುಡುತ್ತದೆ. ಅಂಗಡಿಯವರೂ ಅಭ್ಯಾಸಬಲದಿಂದ ಟೆಸ್ಟ್ ಮಾಡಲು ಹಾಕಿಬಿಡಬಹುದು, ಮೊದಲೇ ಹೇಳಿ ತಡೆಯಿರಿ. ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರಲ್ಲಿ ತೋರಿಸಲಿ, ಇಲ್ಲದಿದ್ದರೆ ಲೇಬಲ್ ನೋಡಿ ತಗೊಳ್ಳಿ.

ಇಲ್ಲ, ಅಮ್ಮ ಕೊಟ್ಟ ಮಿಕ್ಸಿಯೇ ಬೇಕು ಅನ್ನುವವರೂ ಇರುತ್ತಾರೆ. ಅವರಿಗೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು, 120ನ್ನು 230ರ ಹತ್ತಿರ ಏರಿಸುವಂಥದ್ದು. ತಗೊಳ್ಳುವಾಗ ಇಷ್ಟು ನೋಡಿ.

ಮಿಕ್ಸಿಯ ವಾಟ್‌ಗೆ ಎರಡರಷ್ಟಾದರೂ ಇರಬೇಕು. ಮೋಟಾರು ಹೊರಡುವ ಕ್ಷಣದಲ್ಲಿ ಜಾಸ್ತಿ ಎಳೆಯುತ್ತದೆ. 500 ವಾಟ್ ಮಿಕ್ಸಿಗೆ 1000, 750 ವಾಟ್ ಮಿಕ್ಸಿಗೆ 1500ರಿಂದ 2000.

ಕೈಯಲ್ಲಿ ಎತ್ತಿ ನೋಡಿ. ಒಳಗೆ ಕಬ್ಬಿಣ, ತಾಮ್ರ ಇರುವ ನಿಜವಾದ 2000 ವಾಟಿನ ಟ್ರಾನ್ಸ್‌ಫಾರ್ಮರ್ ಭಾರವಾಗೇ ಇರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಹಗುರವಾದ ಕನ್ವರ್ಟರ್ ಮೇಲೆ 1600 ವಾಟ್, 2000 ವಾಟ್ ಅಂತ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಅಮೆರಿಕದವರು ಪ್ರವಾಸ ಹೋಗುವಾಗ ಹೇರ್ ಡ್ರೈಯರ್‌ಗೆ ಬಳಸುವ ಸಾಧನ. 230ನ್ನು ಕತ್ತರಿಸಿ ಕಡಿಮೆ ಮಾಡಬಲ್ಲದು, 120ನ್ನು ಏರಿಸಲು ಅದರಿಂದ ಆಗದು. ಮೋಟಾರಿಗಂತೂ ಬೇಡವೇ ಬೇಡ. ಅದಕ್ಕೆ ದುಡ್ಡು ಹಾಕಬೇಡಿ.

ಟಿವಿ, ಫ್ರಿಜ್‌ಗೆ ಹಾಕಿದ್ದ ಸ್ಟೆಬಿಲೈಸರ್ ತಗೊಂಡು ಹೋದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಅದು ನಮ್ಮ ಲೈನಿನ ಏರಿಳಿತ ಸರಿಮಾಡಲು ಇರುವುದು, ಅರ್ಧ ವೋಲ್ಟೇಜನ್ನು ದುಪ್ಪಟ್ಟು ಮಾಡಲು ಅಲ್ಲ.

ಬಳಸುವ ಕ್ರಮವೂ ಇದೆ. ಮಿಕ್ಸಿಯ ನಾಬ್ ಸೊನ್ನೆಯಲ್ಲಿರಲಿ. ಮೊದಲು ಟ್ರಾನ್ಸ್‌ಫಾರ್ಮರ್ ಆನ್ ಮಾಡಿ, ಆಮೇಲೆ ಮಿಕ್ಸಿ. ಆಫ್ ಮಾಡುವಾಗ ಉಲ್ಟಾ. ಅದೇ ಲೈನಿನಲ್ಲಿ ಆಗ ಮೈಕ್ರೋವೇವ್ ಓಡುತ್ತಿರಬಾರದು. ಅಲ್ಲಿನ ಸಾಮಾನ್ಯ ಲೈನು 15 ಆಂಪಿನದು, ಅಂದರೆ 120 ವೋಲ್ಟ್‌ನಲ್ಲಿ ಒಟ್ಟು 1800 ವಾಟ್, ಎರಡೂ ಸೇರಿದರೆ ಬ್ರೇಕರ್ ಬಿದ್ದು ಕರೆಂಟು ಹೋಗುತ್ತದೆ. ಐದು ನಿಮಿಷ ರುಬ್ಬಿ ಎರಡು ನಿಮಿಷ ಬಿಡಿ. ಕೆಲಸ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರ್ ಪ್ಲಗ್ ಕಿತ್ತಿಡಿ. ಸುಮ್ನೆ ಸಿಕ್ಕಿಸಿಟ್ಟರೂ ಅದು ಗುಂಯ್‌ಗುಡುತ್ತಾ ಕರೆಂಟು ತಿನ್ನುತ್ತದೆ, ಬಿಸಿಯಾಗುತ್ತದೆ. ಸಿಂಕಿನಿಂದ ದೂರ ಇಡಿ.

ಅಲ್ಲಿನ ಅಡುಗೆಮನೆ ಪ್ಲಗ್ಗುಗಳಲ್ಲಿ ಟೆಸ್ಟ್, ರೀಸೆಟ್ ಅಂತ ಎರಡು ಬಟನ್ ಇರುತ್ತವೆ. ಮಿಕ್ಸಿ ಹಾಕಿದಾಗಲೆಲ್ಲ ಆ ಪ್ಲಗ್ಗು ತಾನಾಗಿ ಆಫ್ ಆದರೆ ಎಲ್ಲೋ ಕರೆಂಟು ಸೋರುತ್ತಿದೆ ಅಂತ ತಿಳಿಯಿರಿ. ನಡುಮನೆಯ ಪ್ಲಗ್ಗಿಗೆ ಹಾಕಿ ಓಡಿಸುವ ಉಪಾಯ ಬೇಡ, ಮಿಕ್ಸಿಯನ್ನು ತೆಗೆದಿಡಿ.

ಇನ್ನೊಂದು ಅಡ್ಡದಾರಿಯೂ ನಿಮ್ಮ ಕಿವಿಗೆ ಬೀಳುತ್ತದೆ. ಅಲ್ಲಿನ ಮನೆಗಳಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ಗೆ 240 ವೋಲ್ಟ್ ಪ್ಲಗ್ ಇದೆಯಲ್ಲ, ಅದರಿಂದಲೇ ಎಳೆದುಕೊಳ್ಳಿ ಅನ್ನುತ್ತಾರೆ. ಅದರ ಹಿಂದೆ ಸಾಮಾನ್ಯವಾಗಿ 30 ಆಂಪಿನ ಬ್ರೇಕರ್ ಇರುತ್ತದೆ. ಮಿಕ್ಸಿಯ ತೆಳು ವೈರು ಕರಗಿ ಬೆಂಕಿ ಹತ್ತಿದರೂ ಅದು ಬೀಳದೇ ಇರಬಹುದು. ಅಲ್ಲಿ ಎರಡು ವೈರಿನಲ್ಲೂ ಕರೆಂಟು ಇರುತ್ತದೆ, ಮಿಕ್ಸಿಯ ಸ್ವಿಚ್ ಆಫ್ ಮಾಡಿದರೂ ಒಳಗೆ ಒಂದು ಕಡೆ ಹಾಗೇ ಇರುತ್ತದೆ. ದಯವಿಟ್ಟು ಮಾಡಬೇಡಿ.

5. ಗ್ರೈಂಡರ್

ಮಿಕ್ಸಿಯ ಮೋಟಾರಿಗೆ 50 ಹರ್ಟ್ಜ್ ಆದರೂ ಒಂದೇ, 60 ಆದರೂ ಒಂದೇ. ಟೈಲರಿಂಗ್ ಮಿಷಿನ್ನಿನ ಸಣ್ಣ ಮೋಟಾರೂ ಹೀಗೇ. ಗ್ರೈಂಡರಿನ ಮೋಟಾರು ಬೇರೆ ಜಾತಿಯದು, ಹರ್ಟ್ಜ್ ಹೆಚ್ಚಾದಂತೆ ಅದರ ವೇಗ ಹೆಚ್ಚುತ್ತದೆ. ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸಿದರೂ 60 ಹರ್ಟ್ಜ್ ಹಾಗೇ ಉಳಿಯುತ್ತದೆ. ಕಲ್ಲು ಸುಮಾರು ಐದರಲ್ಲಿ ಒಂದು ಪಾಲು ಜಾಸ್ತಿ ವೇಗದಲ್ಲಿ ತಿರುಗುತ್ತದೆ, ಹಿಟ್ಟು ಬೇಗ ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಹೊರಡುವುದೇ ಇಲ್ಲ, ನಿಂತಲ್ಲೇ ಗುಂಯ್‌ಗುಟ್ಟಿ ಸುಡುತ್ತದೆ. ಕಲ್ಲು ಸೇರಿ ಹತ್ತು ಕಿಲೋ ದಾಟುವ ಸಾಮಾನು ಅದು, ವಿಮಾನದಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ 23 ಕಿಲೋ. ಅಲ್ಲಿಯೇ 110 ವೋಲ್ಟಿನ ಟೇಬಲ್-ಟಾಪ್ ಕೊಳ್ಳಿ.

6. ಮನೆಯಲ್ಲೇ ಬಿಡಬೇಕಾದವು

ಇಸ್ತ್ರಿ ಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಸ್ಟೌ, ಮೈಕ್ರೋವೇವ್. ಅಮೆರಿಕಕ್ಕಂತೂ ಒಂದೂ ಬೇಡ. 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ 120 ವೋಲ್ಟ್‌ನಲ್ಲಿ 270 ವಾಟ್‌ನಷ್ಟೇ ಕಾಯುತ್ತದೆ, ಕಾಟನ್ ಶರ್ಟಿನ ಸುಕ್ಕು ಹೋಗುವುದಿಲ್ಲ. 2000 ವಾಟ್‌ನ ಇಂಡಕ್ಷನ್ ಸ್ಟೌಗೆ ಎಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ತಂದರೂ ಅಲ್ಲಿನ ಪ್ಲಗ್ಗಿನಿಂದ ಅಷ್ಟು ಕರೆಂಟು ಬರುವುದಿಲ್ಲ.

ಪ್ಯಾಕಿಂಗ್ ಬಗ್ಗೆ ಇಷ್ಟು: ಮಿಕ್ಸಿ, ಜಾರು, ಬ್ಲೇಡು ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಕೈಚೀಲಕ್ಕೆ. ವಾಷರ್, ಕಪ್ಲರ್, ಕಾರ್ಬನ್ ಬ್ರಷ್ ಒಂದೊಂದು ಜೊತೆ ಹೆಚ್ಚಿಗೆ ಹಾಕಿಕೊಳ್ಳಿ, ಮಾಡೆಲ್ ನಂಬರ್ ತೋರಿಸಿದರೆ ಮೈಸೂರಿನ ಶಿವರಾಂಪೇಟೆಯಲ್ಲಿ ಸಿಗುತ್ತವೆ.

7. ರಜೆಗೆ ಬರುವಾಗ

ಅಲ್ಲಿಂದ ಕಾಫಿ ಮೇಕರ್, ಹೇರ್ ಡ್ರೈಯರ್, ಬ್ಲೆಂಡರ್ ಅಂತ ಅಪ್ಪ ಅಮ್ಮನಿಗೆ ತರುತ್ತಾರೆ. ಇದು ಇನ್ನೂ ಅಪಾಯ. 120 ವೋಲ್ಟ್‌ನ ಹೀಟರಿಗೆ 230 ಸಿಕ್ಕರೆ ಅದು ಮೂರೂವರೆ ಪಟ್ಟಿಗಿಂತ ಜಾಸ್ತಿ ಕಾಯುತ್ತದೆ. ನಮ್ಮ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಅಮೆರಿಕದ ಚಪ್ಪಟೆ ಪಿನ್ ಸಲೀಸಾಗಿ ಹೋಗುತ್ತದೆ, ತಡೆಯುವುದು ಏನೂ ಇಲ್ಲ. 100-240 ಅಂತ ಇಲ್ಲದ್ದನ್ನು ತರಲೇಬೇಡಿ. ಈಗಾಗಲೇ ತಂದಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಜೊತೆಯಲ್ಲೇ ಇಟ್ಟು, ಆ ಸಾಮಾನಿನ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ ‘120 ಮಾತ್ರ’ ಅಂತ ಕನ್ನಡದಲ್ಲಿ ದಪ್ಪಗೆ ಬರೆದಿಡಿ. ನೀವು ವಾಪಸ್ ಹೋದಮೇಲೆ ಅದನ್ನು ಪ್ಲಗ್ಗಿಗೆ ಹಾಕುವವರು ಅಮ್ಮನೋ, ಮನೆಗೆಲಸಕ್ಕೆ ಬರುವವರೋ ಆಗಿರುತ್ತಾರೆ.