ತಂಬೂರಿ ಎದುರಿಟ್ಟುಕೊಂಡು ಆಸಿಲೇಟರ್ ಶ್ರುತಿ ಮಾಡಿದ್ದು

ವಿದ್ಯುತ್ತಿನಿಂದಲೇ ದನಿ ಹುಟ್ಟಿಸುವ ಹಳೆಯ ಅನಲಾಗ್ ಸಿಂಥಸೈಜರ್ ವಾದ್ಯಗಳ ಹುಚ್ಚು ಹತ್ತಿದವರು ಫಿಲ್ಟರ್, ಅಂದರೆ ದನಿಯನ್ನು ಸೋಸುವ ಭಾಗದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ದನಿ ಎಷ್ಟು ದಪ್ಪ, ಎಷ್ಟು ಮೆತ್ತಗೆ ಅಂತ. ಶ್ರುತಿಯ ಮಾತು ಬರುವುದು ಕಮ್ಮಿ. ಆದರೆ ಈ ಯಂತ್ರಗಳನ್ನು ಮಾಡಿದವರಿಗೆ ದೊಡ್ಡ ತಲೆನೋವಾಗಿದ್ದದ್ದೇ ಶ್ರುತಿ. 1970ರಲ್ಲಿ ಬಂದ ಮಿನಿಮೂಗ್ ಸಿಂಥಸೈಜರ್ ನೋಡಿ. ಅದರಲ್ಲಿ ಮೂರು ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್. ಸ್ವಿಚ್ ಹಾಕಿ, ಒಳಗಿನ ಭಾಗಗಳು ಬೆಚ್ಚಗಾಗುವ ತನಕ ಕಾದು, ಆಮೇಲೆ ಶ್ರುತಿ ಮಾಡಿಕೊಳ್ಳಬೇಕು. ಅದಕ್ಕೆಂದೇ 440 ಹರ್ಟ್ಸ್ ದನಿ ಕೊಡುವ ಒಂದು ಸ್ವಿಚ್ಚನ್ನು ಮುಂದೆಯೇ ಕೂರಿಸಿದ್ದಾರೆ. ಶ್ರುತಿಪೆಟ್ಟಿಗೆ ಹೊಟ್ಟೆಯಲ್ಲೇ ಇರುವ ವಾದ್ಯ ಅದು!

ಅಂಥದ್ದನ್ನು ಕೊಳ್ಳುವ ಶಕ್ತಿ ನನಗಿಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚು, ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಒಂದು ಆಸಿಲೇಟರನ್ನಾದರೂ ಬಿಡಿ ಟ್ರಾನ್ಸಿಸ್ಟರ್‌ಗಳಿಂದ ನಾನೇ ಕಟ್ಟೋಣ ಅಂತ ಹೊರಟೆ. ರೆಡಿ ಚಿಪ್ ಇದೆ. ಪ್ರಾಫೆಟ್-5 ಅನ್ನುವ ಸಿಂಥಸೈಜರಿನ ಮೂರನೇ ಆವೃತ್ತಿಯಲ್ಲಿದ್ದ ಸಿಇಎಂ 3340 ಆಸಿಲೇಟರ್ ಚಿಪ್ಪಿನ ನಕಲನ್ನು ಲಾಟ್ವಿಯಾದ ಒಂದು ಕಂಪನಿ ಈಗಲೂ ಮಾಡುತ್ತದೆ. ಅದನ್ನು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಸ್ವರ ಯಾಕೆ ಜಾರುತ್ತದೆ, ಅದನ್ನು ಹೇಗೆ ಹಿಡಿಯುವುದು ಅಂತ ಕೈಯಾರೆ ತಿಳಿಯುವ ಆಸೆ ನನ್ನದು.

ವಿಷಯ ಇಷ್ಟು. ಮಿನಿಮೂಗ್ ಕಂಪನಿಯ ರಾಬರ್ಟ್ ಮೂಗ್ ಹಾಕಿಕೊಟ್ಟ ಲೆಕ್ಕದಲ್ಲಿ ವೋಲ್ಟೇಜ್ 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರಬೇಕು. ಅಂದರೆ ಪ್ರತಿ ವೋಲ್ಟಿಗೂ ಕಂಪನ ದುಪ್ಪಟ್ಟು. ಈ ದುಪ್ಪಟ್ಟು ಮಾಡುವ ಗುಣ ಟ್ರಾನ್ಸಿಸ್ಟರಿಗೆ ಹುಟ್ಟಿನಿಂದಲೇ ಇದೆ. ಅದರ ಬೇಸ್ ಎಂಬ ಕಾಲಿಗೆ ಸುಮಾರು 18 ಮಿಲಿವೋಲ್ಟ್ ಜಾಸ್ತಿ ಕೊಟ್ಟರೆ ಹರಿಯುವ ಕರೆಂಟ್ ಎರಡರಷ್ಟಾಗುತ್ತದೆ. ಆ ಕರೆಂಟ್ ಒಂದು ಕೆಪಾಸಿಟರನ್ನು ತುಂಬುತ್ತದೆ. ತುಂಬಿದ ಕೂಡಲೇ ಅದನ್ನು ಖಾಲಿ ಮಾಡಬೇಕು, ಮತ್ತೆ ತುಂಬಲು ಬಿಡಬೇಕು. ಇದೇ ನಮಗೆ ಕೇಳುವ ಸ್ವರ.

ತೊಂದರೆ ಕೊಡುವುದು ಬಿಸಿ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅಷ್ಟೇ ಕರೆಂಟಿಗೆ ಬೇಕಾದ ಬೇಸ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 18ಕ್ಕೆ ಒಂದು ಸ್ಥಾಯಿ ಅಂದಮೇಲೆ 2 ಅಂದರೆ ಎಷ್ಟು? ಒಂದು ಸ್ವರಸ್ಥಾನಕ್ಕಿಂತ ಜಾಸ್ತಿ! ಬೆಳಿಗ್ಗೆ ಷಡ್ಜಕ್ಕೆ ಕೂರಿಸಿದ್ದು ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಇರುತ್ತದೆ. ಇದಕ್ಕೆ ಮದ್ದು ಜೋಡಿ ಟ್ರಾನ್ಸಿಸ್ಟರ್. ಒಂದೇ ಗುಣದ ಎರಡನ್ನು ಅಂಟಿಸಿ ಇಟ್ಟರೆ ಒಂದರ ಜಾರುವಿಕೆಯನ್ನು ಇನ್ನೊಂದು ಹೊಡೆದುಹಾಕುತ್ತದೆ. ಫೇರ್‌ಚೈಲ್ಡ್‌ನವರ ಮ್ಯೂ-ಎ 726 ಅನ್ನುವ ಚಿಪ್‌ನಲ್ಲಂತೂ ಜೋಡಿಯ ಜೊತೆ ಒಂದು ಪುಟ್ಟ ಹೀಟರೇ ಇತ್ತು. ಹೊರಗೆ ಚಳಿಯಿರಲಿ ಸೆಕೆಯಿರಲಿ, ಒಳಗೆ ಒಂದೇ ಬಿಸಿ. ಹಳೆಯ ಕೆಲವು ಸಿಂಥ್‌ಗಳಲ್ಲಿ ಅದು ಸಿಗುತ್ತದೆ. ಈಗ ಅದನ್ನು ಹುಡುಕಿ ಕೊಳ್ಳುವುದು ಚಿನ್ನ ಕೊಂಡ ಹಾಗೆ.

ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡ್‌ಗೆ ಹೋಗಿ ಸಾಮಾನ್ಯ ಬಿ.ಸಿ. 547 ಟ್ರಾನ್ಸಿಸ್ಟರ್ ತಂದೆ. ಬೇರೆ ಬೇರೆ ಕಡೆಯದ್ದು ಬೇಡ, ಸಾಲಾಗಿ ಅಂಟಿಸಿ ಬರುವ ಒಂದೇ ಟೇಪ್ ಪಟ್ಟಿಯದ್ದು ಬೇಕು ಅಂದೆ. "ಪಟ್ಟಿಯಿಂದಲೇ ಕತ್ತರಿಸಿ ಕೊಡ್ತೀನಿ ಸರ್, ಜೋಡಿ ಸಿಗೋದು ನಿಮ್ಮ ಅದೃಷ್ಟ" ಅಂದರು ಅಂಗಡಿಯವರು. 12-0-12 ಟ್ರಾನ್ಸ್‌ಫಾರ್ಮರ್, 7812, 7912 ರೆಗ್ಯುಲೇಟರ್, ಟಿಎಲ್ 072 ಆಂಪ್ಲಿಫೈಯರ್ ಚಿಪ್ ಎಲ್ಲ ಅದೇ ರಸ್ತೆಯಲ್ಲಿ ಸಿಕ್ಕಿತು.

ಜೋಡಿ ಹುಡುಕುವ ಕೆಲಸ ನನಗೆ ತುಂಬಾ ಹಿಡಿಸಿತು. ಎರಡು ಟ್ರಾನ್ಸಿಸ್ಟರ್‌ಗಳನ್ನು ಬ್ರೆಡ್‌ಬೋರ್ಡ್ ಮೇಲೆ ಅಕ್ಕಪಕ್ಕ ಕೂರಿಸಬೇಕು. ಎರಡರಲ್ಲೂ ಬೇಸ್ ಮತ್ತು ಕಲೆಕ್ಟರ್ ಕಾಲುಗಳನ್ನು ಸೇರಿಸಿ, ಒಂದೊಂದಕ್ಕೂ 12 ವೋಲ್ಟಿನಿಂದ 100 ಕಿಲೋ ಓಮ್ ರೆಸಿಸ್ಟರ್ ಮೂಲಕ ಕರೆಂಟ್ ಕೊಡಬೇಕು. ಆಮೇಲೆ ಎರಡು ಬೇಸ್‌ಗಳ ನಡುವೆ ಮಲ್ಟಿಮೀಟರ್ ಇಡಬೇಕು. 200 ಮಿಲಿವೋಲ್ಟ್ ರೇಂಜ್‌ನಲ್ಲಿ ಸಾಧಾರಣ ಮೀಟರ್ ಕೂಡ 0.1 ಮಿಲಿವೋಲ್ಟ್ ವ್ಯತ್ಯಾಸ ತೋರಿಸುತ್ತದೆ. ಟ್ರಾನ್ಸಿಸ್ಟರನ್ನು ಬೆರಳಲ್ಲಿ ಮುಟ್ಟಲೇಬಾರದು. ಬೆರಳಿನ ಬಿಸಿಗೆ ಅಂಕಿ ಓಡತೊಡಗುತ್ತದೆ, ನಿಲ್ಲಲು ಬಹಳ ಹೊತ್ತು ಬೇಕು. ಚಿಮುಟದಲ್ಲಿ ಹಿಡಿದು ಚುಚ್ಚಿ, ಫ್ಯಾನ್ ಆರಿಸಿ, ಸುಮ್ನೆ ಕೂತು ಕಾಯಬೇಕು. ಮೀಟರ್ ಸೊನ್ನೆಯ ಹತ್ತಿರ ಬಂದು ಅಲ್ಲಾಡದೆ ನಿಂತ ಜೋಡಿಯನ್ನು ಎತ್ತಿಟ್ಟುಕೊಂಡೆ. ಅವುಗಳ ಚಪ್ಪಟೆ ಮುಖಗಳಿಗೆ ಥರ್ಮಲ್ ಪೇಸ್ಟ್ ಹಚ್ಚಿ ಒಂದಕ್ಕೊಂದು ಒತ್ತಿ, ಮೇಲೆ ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ, ಹೀಟ್ ಶ್ರಿಂಕ್ ತೊಡಿಸಿದೆ.

ಇಷ್ಟಾದರೂ ಒಂದು ಬಾಕಿ ಉಳಿಯುತ್ತದೆ. ಆ 18 ಮಿಲಿವೋಲ್ಟ್ ಅನ್ನುವ ಅಳತೆಯೇ ಡಿಗ್ರಿಗೆ ಸುಮಾರು ಶೇಕಡಾ 0.33ರಷ್ಟು ಹಿಗ್ಗುತ್ತದೆ. ಮೂರು ಸ್ಥಾಯಿ ಮೇಲಿನ ಸ್ವರದಲ್ಲಿ ಅದು ಡಿಗ್ರಿಗೆ 12 ಸೆಂಟ್ಸ್ (ಒಂದು ಸ್ಥಾಯಿಗೆ 1200 ಸೆಂಟ್ಸ್). ಬಿಸಿಗೆ ಅಷ್ಟೇ ಪ್ರಮಾಣದಲ್ಲಿ ಬೆಳೆಯುವ ವಿಶೇಷ ರೆಸಿಸ್ಟರ್ ಇದೆ, ಟೆಂಪ್ಕೊ ಅನ್ನುತ್ತಾರೆ. ಅದೊಂದನ್ನು ಮಾತ್ರ ಹೊರದೇಶದಿಂದ ತರಿಸಿದೆ. ಅದನ್ನು ಜೋಡಿಯ ಬೆನ್ನಿಗೇ ತಾಗಿಸಿ ಕಟ್ಟಬೇಕು, ದೂರ ಇಟ್ಟರೆ ಉಪಯೋಗವಿಲ್ಲ. ಕಟ್ಟುವ ಮೊದಲು ಒಮ್ಮೆ ಜೋಡಿಯ ಮೇಲೆ ಬೆರಳಿಟ್ಟು ನೋಡಿ. ಗಮಕದ ಹಾಗೆ ಸ್ವರ ಜಾರುವುದು ಕಿವಿಗೇ ಕೇಳುತ್ತದೆ.

ಇನ್ನು ಶ್ರುತಿ. ಟ್ಯೂನರ್ ಆ್ಯಪ್ ನೋಡಿ ಮಾಡುವವರೇ ಜಾಸ್ತಿ. ನಾನು ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡೆ. ನಮ್ಮ ಬೆಂಗಳೂರಿನ ರಾಡೆಲ್ ಮಾಡುವುದು, ಸಂಗೀತ ಕಲಿಯುವವರ ಎಷ್ಟೋ ಮನೆಗಳಲ್ಲಿ ಇರುತ್ತದಲ್ಲ, ಅದೇ. ಶ್ರುತಿ ಬಿಳಿ ಒಂದು, ಷಡ್ಜ ಸುಮಾರು 130.8 ಹರ್ಟ್ಸ್. ಆಸಿಲೇಟರನ್ನು ಅದರ ಹತ್ತಿರ ತಂದರೆ ಎರಡೂ ದನಿ ಸೇರಿ ಅಲೆ ಏಳುತ್ತದೆ. ಒಂದು ಹರ್ಟ್ಸ್ ವ್ಯತ್ಯಾಸಕ್ಕೆ ಸೆಕೆಂಡಿಗೆ ಒಂದು ಅಲೆ. ಅಲೆ ನಿಧಾನವಾಗುತ್ತಾ ನಿಂತುಬಿಟ್ಟರೆ ಶ್ರುತಿ ಸೇರಿತು. ಇಷ್ಟು ಸೂಕ್ಷ್ಮವಾದ ಅಳತೆ ಕಿವಿಗೆ ಪುಕ್ಕಟೆ ಸಿಗುವಾಗ ಸ್ಕ್ರೀನ್ ಯಾಕೆ ನೋಡಬೇಕು?

ಸೊನ್ನೆ ವೋಲ್ಟಿಗೆ ಮಧ್ಯ ಷಡ್ಜ ಕೂರಿಸಿ, 1 ವೋಲ್ಟ್ ಕೊಟ್ಟು ತಾರ ಷಡ್ಜ ಕೇಳಬೇಕು. ತಗ್ಗಿದ್ದರೆ ಸ್ಕೇಲ್ ಟ್ರಿಮ್‌ಪಾಟ್ (ವೋಲ್ಟಿಗೆ ಸ್ವರ ಎಷ್ಟು ಏರಬೇಕೆಂದು ಹೊಂದಿಸುವ ಪುಟ್ಟ ತಿರುಪು) ಕೊಂಚ ತಿರುಗಿಸಿ, ಮತ್ತೆ ಕೆಳಗಿನ ಷಡ್ಜಕ್ಕೆ ಬರಬೇಕು. ಅದೂ ಅಲ್ಲಾಡಿರುತ್ತದೆ. ಹೀಗೆ ಮೇಲೆ ಕೆಳಗೆ ಓಡಾಡಿದಷ್ಟೂ ವ್ಯತ್ಯಾಸ ಸಣ್ಣದಾಗುತ್ತಾ ಹೋಗುತ್ತದೆ. ತೀರಾ ಮೇಲಿನ ಸ್ಥಾಯಿಗಳು ಮಾತ್ರ ತಗ್ಗೇ ಉಳಿಯುತ್ತವೆ. ಕೆಪಾಸಿಟರ್ ಖಾಲಿಯಾಗಲು ಹಿಡಿಯುವ ಕ್ಷಣ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿದರೆ ಅದು ಸರಿಹೋಗುತ್ತದೆ.

ಒಂದು ಮಾತು ನೆನಪಿಡಿ. ಸ್ಕೇಲ್ ಕೂರಿಸುವಾಗ ಷಡ್ಜಗಳನ್ನು ಮಾತ್ರ ಬಳಸಿ, ಕೀಬೋರ್ಡಿನ ಪಂಚಮವನ್ನು ತಂಬೂರಿಯ ಪಂಚಮಕ್ಕೆ ಹೊಂದಿಸಲು ಹೋಗಬೇಡಿ. ಕೀಬೋರ್ಡ್ ಪಂಚಮ 700 ಸೆಂಟ್ಸ್, ತಂಬೂರಿಯದ್ದು 702. ತಂಬೂರಿಯ ತಂತಿಯೊಳಗೆ ತಾನಾಗಿ ಕೇಳಿಬರುವ ಗಾಂಧಾರ 386, ಕೀಬೋರ್ಡಿನದ್ದು 400. ಕೀಬೋರ್ಡಿನ ಆ ಗಾಂಧಾರ ನಮ್ಮ ಕಿವಿಗೆ ಏರಿದ ಹಾಗೇ ಕೇಳುತ್ತದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇಲ್ಲೇ. ಆಸಿಲೇಟರಿಗೆ ಕೀಬೋರ್ಡ್ ಗೊತ್ತಿಲ್ಲ, ವೋಲ್ಟೇಜ್ ಮಾತ್ರ ಗೊತ್ತು. ಶುದ್ಧ ಪಂಚಮ ಬೇಕಾದರೆ 0.585 ವೋಲ್ಟ್ ಕೊಡಿ, ತಂಬೂರಿಯ ಆ ಗಾಂಧಾರಕ್ಕೆ 0.322. ಕೀಬೋರ್ಡ್ ಕೊಡುವ 0.583, 0.333 ನಮಗೆ ಬೇಕಿಲ್ಲ. ನಾನು ಕೀಬೋರ್ಡ್ ಬಿಟ್ಟು ಒಂದು ಪೆಟ್ಟಿಗೆ ಮಾಡಿಕೊಂಡೆ. ಸ್ವರಕ್ಕೊಂದು ಗುಂಡಿ, ಗುಂಡಿಗೊಂದು ಟ್ರಿಮ್‌ಪಾಟ್. ತಂಬೂರಿ ಹಾಕಿ ಒಂದೊಂದನ್ನೂ ಅಲೆ ನಿಲ್ಲಿಸಿ ಕೂರಿಸಿದೆ. ರಾಗ ಬದಲಾದರೆ ಒಂದೆರಡು ಟ್ರಿಮ್‌ಪಾಟ್ ತಿರುಗಿಸಿದರೆ ಸಾಕು.

ನಮ್ಮ ದೇಶಕ್ಕೆ ಇದೇನು ಹೊಸದಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಕೂರಿಸಿದರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಂಥವರು ಅದರ ಮೇಲೆ ಕೆಲಸ ಮಾಡಿದರು. ಆ ಧ್ವನಿಸುರುಳಿಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದವು ಅಂತ ಓದಿದಾಗ ನನಗೆ ಸಂಕಟವಾಯಿತು.

ಹಳೆಯ ಯಂತ್ರ ಕೂಡಿಡುವ ಗೆಳೆಯರೊಬ್ಬರ ಬಳಿ 1978ರ ಕೊರ್ಗ್ ಎಂಎಸ್-20 ಸಿಂಥಸೈಜರ್ ಇದೆ. ಅದರ ಕೀಬೋರ್ಡಿಗೆ ನನ್ನ ಆಸಿಲೇಟರ್ ಸಿಕ್ಕಿಸೋಣ ಅಂದೆ. "ಬೇಡಿ ಮಾರಾಯ್ರೆ, ಅದರ ಲೆಕ್ಕವೇ ಬೇರೆ" ಅಂದರು. ಅಲ್ಲಿ 1, 2, 4, 8 ಅಂತ ವೋಲ್ಟೇಜ್ ದುಪ್ಪಟ್ಟಾದರೆ ಸ್ಥಾಯಿ ಏರುತ್ತದೆ. ಹಳೆಯದ್ದನ್ನು ಕೊಂಡು ಹೊಸದಕ್ಕೆ ಜೋಡಿಸುವ ಯೋಚನೆ ಇದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ. ನಾನು ಕೊನೆಗೆ ಅದರ ಫಿಲ್ಟರಿಗೆ ನನ್ನ ಆಸಿಲೇಟರಿನ ದನಿಯನ್ನಷ್ಟೇ ಹಾಯಿಸಿದೆ. ಅದಕ್ಕೆ ಯಾವ ಲೆಕ್ಕದ ತಕರಾರೂ ಇಲ್ಲ. ಈಗ ಎರಡನೇ ಆಸಿಲೇಟರಿಗೆ ಜೋಡಿ ಹುಡುಕುತ್ತಿದ್ದೇನೆ, ಮಂದ್ರ ಪಂಚಮಕ್ಕೆ.