ಮನಸ್ಸಿಗೆ ಹುಷಾರಿಲ್ಲ ಅನಿಸಿದರೆ ಯಾರ ಹತ್ತಿರ, ಯಾವಾಗ ಹೋಗಬೇಕು?

ರಾತ್ರಿ ಎದೆ ಡವಡವ ಅಂತ ಹೊಡೆದುಕೊಂಡರೆ ನಮ್ಮ ಕಡೆ ಜನ ಬೆಳಗಾಗುವುದರೊಳಗೆ ಇಸಿಜಿ ಮಾಡಿಸುತ್ತಾರೆ. ಸರಿಯಾದ ಕೆಲಸವೇ. ನಾರ್ಮಲ್ ಬಂತು, ಗ್ಯಾಸ್ ಇರಬೇಕು ಅಂತ ಗುಳಿಗೆ. ಮತ್ತೆ ಬಂದರೆ ಬೇರೆ ಡಾಕ್ಟರು, ಮತ್ತೊಂದು ಇಸಿಜಿ. ಫೈಲು ದಪ್ಪ ಆಗುತ್ತಾ ಹೋಗುತ್ತದೆ, ಇದು ಪ್ಯಾನಿಕ್ ಅಟ್ಯಾಕ್ (ಹಠಾತ್ತನೆ ಬರುವ ತೀವ್ರ ಭಯ) ಇರಬಹುದಾ ಅಂತ ಯಾರಾದರೂ ಕೇಳಿದರೆ ಮಾತ್ರ 'ನನ್ನ ಧಾರವಾಡಕ್ಕ ಕಳಸ್ತೀರೇನ್ರೀ?' ಅಂತ ಸಿಟ್ಟು ಬರುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಬಗ್ಗೆ ಈ ಹೆದರಿಕೆ ಬಿಡಿ. ನಿದ್ದೆ ಹತ್ತದವರು, ಕುಡಿತ ಬಿಡಬೇಕು ಅನ್ನುವವರು, ಹೆರಿಗೆ ಆದಮೇಲೆ ಅಳು ನಿಲ್ಲದ ತಾಯಂದಿರು, ಇವರಿಗೆಲ್ಲ ಇರುವ ಆಸ್ಪತ್ರೆ ಅದು.

ಹಾಗಾದರೆ ಯಾವಾಗ ಹೋಗಬೇಕು? ಮಳೆ ಕೈಕೊಟ್ಟರೆ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ದುಃಖ ಆಗೇ ಆಗುತ್ತದೆ, ಅದು ಕಾಯಿಲೆ ಅಲ್ಲ. ಆದರೆ ಬೇಸರ ಎರಡು ವಾರವಾದರೂ ಇಳಿದಿಲ್ಲ, ನಿದ್ದೆ-ಊಟ ಕೆಟ್ಟಿದೆ, ಅಂಗಡಿ ಬಾಗಿಲು ತೆಗೆಯೋಕೂ ಮನಸ್ಸಿಲ್ಲ ಅಂದರೆ ಹೋಗಿ. ಮೊದಲು ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿದರೂ ಆಯಿತು. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗೇ ಸುಸ್ತು, ಬೇಸರ ಆಗುತ್ತದೆ.

ಸಾಯಬೇಕು ಅನಿಸುತ್ತಿದ್ದರೆ ಎರಡು ವಾರದ ಲೆಕ್ಕ ಬೇಡವೇ ಬೇಡ. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಹಾಗೆ ಅನಿಸುತ್ತಿರುವವರನ್ನು ಒಬ್ಬರೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಅಪಾಯ ಕಂಡರೆ 108.

ಇನ್ನು ಯಾರ ಹತ್ತಿರ ಅನ್ನೋದು. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರು, ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ, ಕೇಳೋಕೆ ಸಂಕೋಚ ಬೇಡ. ಮನೆ ಜಗಳ, ಕೆಲಸದ ಒತ್ತಡಕ್ಕೆ ಎಷ್ಟೋ ಸಲ ಆಪ್ತ ಸಮಾಲೋಚಕರೇ ಸಾಕು. ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಗದಗ, ಹಾವೇರಿಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಮಾತಿನ ಚಿಕಿತ್ಸೆ ಅಂದರೆ ಸುಮ್ನೆ ಬುದ್ಧಿ ಹೇಳೋದಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುವ ಹುಡುಗ ಪ್ರಿಲಿಮ್ಸ್ ಫೇಲಾದ ಅಂದುಕೊಳ್ಳಿ. 'ನಾನು ಯಾವುದಕ್ಕೂ ಬಾರದವನು' ಅನ್ನೋದೊಂದೇ ತಲೆಯಲ್ಲಿ. ಊರಿಂದ ಅಪ್ಪ ಫೋನ್ ಮಾಡಿದರೂ ಎತ್ತುತ್ತಿಲ್ಲ. ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆ ತಿದ್ದಿಕೊಳ್ಳುವ ಪದ್ಧತಿಯಲ್ಲಿ ಆ ಮಾತನ್ನು ಹಾಳೆ ಮೇಲೆ ಬರೆಸುತ್ತಾರೆ. ಅದಕ್ಕೆ ಆಧಾರ ಏನು, ವಿರುದ್ಧ ಏನಿದೆ, ಅವನ ಕೈಲೇ ಬರೆಸುತ್ತಾರೆ. ಆಮೇಲೆ ಮನೆಗೆಲಸ: ಈ ವಾರ ಅಪ್ಪನ ಫೋನ್ ಒಂದು ಸಲ ಎತ್ತು, ಎತ್ತಿದ ಮೇಲೆ ಹೇಗನಿಸಿತು ಬರೆದುಕೊಂಡು ಬಾ. ಸಣ್ಣದು ಅನಿಸುತ್ತದೆ ಅಲ್ವಾ? ಕಟ್ಟಿಕೊಂಡ ಮನಸ್ಸು ಇಂಥದ್ದರಿಂದಲೇ ಬಿಡಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹೀಗೆ ಕೆಲವು ತಿಂಗಳು ಹಿಡಿಯಬಹುದು.

ಖಿನ್ನತೆಯ ಔಷಧ ಕೆಲಸ ಮಾಡೋಕೆ ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ, ಗುಣ ಕಂಡಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೆಡಿಕಲ್ ಶಾಪಿಂದ ನೀವೇ ನಿದ್ದೆ ಗುಳಿಗೆ ತರೋದಂತೂ ಬೇಡ, ಅವುಗಳಲ್ಲಿ ಕೆಲವು ಚಟವಾಗುತ್ತವೆ.

ಮೊದಲ ದಿನ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ: ಯಾವಾಗಿಂದ, ನಿದ್ದೆ ಎಷ್ಟು, ಈಗ ತಗೊಳ್ಳುತ್ತಿರುವ ಗುಳಿಗೆ ಯಾವುವು, ಕುಡಿತ ಇದೆಯಾ. ಹಳೇ ಫೈಲೂ ಇರಲಿ. ಜೊತೆಗೆ ಹೋದ ಅಣ್ಣನೋ ಅತ್ತೆಯೋ ತಮಗೆ ಗೊತ್ತಿದ್ದು ಹೇಳಿ, ಆಮೇಲೆ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಅವರ ಎದುರು ಬಾಯಿಗೆ ಬಾರದ ಮಾತುಗಳು ಇರುತ್ತವೆ, ಎಷ್ಟೋ ಸಲ ಡಾಕ್ಟರಿಗೆ ಬೇಕಾಗಿದ್ದು ಅವೇ.